ನೂರು ಗಂಟೆಯ ಸೆಲ್ಲು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ, ಎಲ್ಲಾದರೂ ಒಂದು ಕಡೆ ಇರಬೇಕಲ್ಲ. ಮನೆಮನೆಗೂ ಟೀವಿ ಬರಲು ಶುರುವಾಗಿದ್ದ ಕಾಲದ ಒಂದು ಬೇಸಿಗೆಯಲ್ಲಿ ಆ ಸಿಟ್ಟೆಲ್ಲ ಒಂದು ಪೆನ್ಸಿಲ್ ಸೆಲ್ ಕಂಪನಿಯ ಮೇಲೆ ತಿರುಗಿತ್ತು. ಕಂಪನಿಯ ಹೆಸರು ಹೇಳುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ನನ್ನ ಹೊಟ್ಟೆಪಾಡೇ ಅನುಮಾನ ಪಡುವುದು. ಹೈದರಾಬಾದಿನ ಹೊರಗೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ, ಹೊರಗಿನಿಂದ ಬರುವ ಮಾಲನ್ನು ಪರೀಕ್ಷಿಸುವ ವಿಭಾಗದಲ್ಲಿ ನನಗೆ ಕೆಲಸ. 'ಈ ಸ್ವಿಚ್ಚು ಇಷ್ಟು ಸಲ ಒತ್ತಿದರೂ ಕೆಡುವುದಿಲ್ಲ', 'ಈ ತಂತಿ ಇಷ್ಟು ಭಾರ ತಡೆಯುತ್ತದೆ' ಅಂತ ತಯಾರಕರು ಬರೆದು ಕಳಿಸುತ್ತಾರೆ. ಅದರಲ್ಲಿ ಕೆಲವನ್ನು ಆರಿಸಿ, ಒತ್ತಿ, ಎಳೆದು, ಸುಟ್ಟು ನೋಡಿ, ಅವರ ಮಾತನ್ನು ನಂಬಬಹುದೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ಗಂಡನ ಜೊತೆ ಕಾರ್ಖಾನೆಯ ಕಾಲೊನಿಯಲ್ಲೇ ಇದ್ದೆ. ಅಪ್ಪ ಅವ್ವ ಮಾತ್ರ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಹಳೇ ಮನೆಯಲ್ಲಿದ್ದರು. ಪ್ರತಿ ಭಾನುವಾರ ಸಂಜೆ ಬಸ್ಸು ಹತ್ತಿ ಹೋಗಿ, ಅವ್ವನ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬರುವುದು ನನ್ನ ವಾಡಿಕೆ.

ನಮ್ಮದು ಕಲಬುರ್ಗಿ ಕಡೆಯ ಅಯ್ಯನವರ ಮನೆತನ. ಅಜ್ಜ ನೌಕರಿಗೆ ಅಂತ ಹೈದರಾಬಾದಿಗೆ ಬಂದವರು ಇಲ್ಲೇ ಉಳಿದರು. ಅಪ್ಪನೂ ಆಂಧ್ರ ಸರ್ಕಾರದ ಕಚೇರಿಯೊಂದರಲ್ಲಿ ದುಡಿದು ಪೆನ್ಶನ್ ತೆಗೆದುಕೊಂಡವರು. ಹೊರಗೆ ಉರ್ದು, ತೆಲುಗು, ಒಳಗೆ ಅಚ್ಚ ಕನ್ನಡ. ಆದರೆ ಅಪ್ಪನ ಜೀವ ಇದ್ದದ್ದು ಕಚೇರಿಯಲ್ಲೂ ಅಲ್ಲ, ಪೆನ್ಶನ್ನಿನಲ್ಲೂ ಅಲ್ಲ. ಅದು ಇದ್ದದ್ದು ಶ್ರಾವಣದ ಪುರಾಣದಲ್ಲಿ.

ಶ್ರಾವಣ ಬಂತೆಂದರೆ ನಮ್ಮ ಗಲ್ಲಿಯ ಹತ್ತಿರದ ಒಂದು ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿ ತಿಂಗಳಿಡೀ ಪುರಾಣ ಹಚ್ಚುತ್ತಿದ್ದರು. ಪೇಟಿ, ತಬಲದ ಜೊತೆ ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅದರ ಅರ್ಥ ಹೇಳುವುದು. ಹಾಡುತ್ತಿದ್ದವರು ಬ್ಯಾಂಕಿನ ಒಬ್ಬ ಗುಮಾಸ್ತರು, ಕಂಠ ಜೇನು. ಅರ್ಥ ಹೇಳುವವರು ಅಪ್ಪ. ನಾನು ಲಂಗ ಉಡುತ್ತಿದ್ದಾಗಿನಿಂದಲೂ ಆ ಪೀಠ ಅಪ್ಪನದೇ. ಅವರು ಅರ್ಥ ಹೇಳಲು ಕೂತರೆ ದೇವಲೋಕವೂ ಕೋಠಿಯ ಬಸ್ ಸ್ಟಾಪಿನ ಪಕ್ಕದಲ್ಲೇ ಇದೆ ಅನ್ನಿಸಬೇಕು, ಹಾಗೆ ಹೇಳುತ್ತಿದ್ದರು. ಕಾಚಿಗುಡ, ಮಲಕ್‌ಪೇಟೆಯಿಂದಲೂ ಜನ ಊಟದ ಹೊತ್ತು ಮುಂದೂಡಿ ಬರುತ್ತಿದ್ದರು.

ಪೆನ್ಶನ್ ಆಗುವ ಮೊದಲೇ ಅಪ್ಪನ ಕಿವಿ ಮಂದವಾಗತೊಡಗಿತ್ತು. ಕಿವಿಯ ಡಾಕ್ಟರು ಒಂದು ಮಷೀನು ಕೊಡಿಸಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವುದು. ಅದರಿಂದ ಒಂದು ವೈರು ಮೇಲೆ ಬಂದು ಕಿವಿಗೆ ಸೇರುತ್ತದೆ. ಒಳಗೆ ಒಂದು ಪೆನ್ಸಿಲ್ ಸೆಲ್. ಡಬ್ಬಿಯ ಅಂಚಿಗೆ ಸಣ್ಣ ಚಕ್ರ. ಚಾಲೂ ಮಾಡುವುದು, ಬಂದ್ ಮಾಡುವುದು, ಸದ್ದು ಹೆಚ್ಚು ಕಡಿಮೆ ಮಾಡುವುದು ಎಲ್ಲ ಅದರಲ್ಲೇ. ಮಷೀನು ಕೊಟ್ಟ ದಿನ ಅಲ್ಲಿನವರು ಚಕ್ರವನ್ನು ಅಪ್ಪನ ಕಿವಿಗೆ ಸರಿಯಾಗಿ ತಿರುಗಿಸಿ, 'ಇಷ್ಟಕ್ಕೇ ಇರಲಿ' ಅಂದಿದ್ದರು. ಅಪ್ಪ ಅದನ್ನು ದೇವರ ಅಪ್ಪಣೆಯಂತೆ ಪಾಲಿಸಿ ಮತ್ತೆ ಚಕ್ರ ಮುಟ್ಟಲೇ ಇಲ್ಲ. ರಾತ್ರಿ ಮಲಗುವಾಗ ಸೆಲ್ಲನ್ನೇ ಹೊರಗೆ ತೆಗೆದಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಹಾಕುತ್ತಿದ್ದರು.

ಹಿಂದಿನ ಶ್ರಾವಣದಲ್ಲಿ ಎಡವಟ್ಟಾಯಿತು. ಪದ್ಯ ನಡೆದಿರುವಾಗಲೇ ಮಷೀನು ಸತ್ತುಹೋಯಿತು. ಹಾಡುವವರ ಬಾಯಿ ನಿಂತದ್ದು ನೋಡಿ ಅಪ್ಪ ಅಂದಾಜಿನ ಮೇಲೆ ಅರ್ಥ ಶುರು ಮಾಡಿದರು. ಅದೋ ಆಗಲೇ ಹೇಳಿ ಮುಗಿಸಿದ್ದ ಪದ್ಯದ ಅರ್ಥ! ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಒಂದು ಸಲವಾಗಿದ್ದರೆ ಸರಿ, ತಿಂಗಳಲ್ಲಿ ಮತ್ತೆರಡು ಸಲ ಹಾಗೇ ಆಯಿತು. ಕೊನೆಯ ಸಲ ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ ಅಂತ ಅವ್ವ ಹೇಳಿದಳು.

ಬೇಸಿಗೆಯಲ್ಲಿ ಒಂದು ಭಾನುವಾರ ಅಪ್ಪ ತಣ್ಣಗೆ ಹೇಳಿದರು. "ಬರೋ ಶ್ರಾವಣಕ್ಕ ಬ್ಯಾರೇದವರನ್ನ ನೋಡ್ಕೋರಿ ಅಂತ ಹೇಳಿಬಿಡ್ತೀನಿ. ಸಾಕು."

"ಯಾಕ್ರಿ ಅಪ್ಪಾ? ಸೆಲ್ ಬದಲಿ ಮಾಡಿದ್ರ ಮಷೀನು ಮತ್ತ ಚಲೋ ಕೇಳಸ್ತದಲ್ಲ?"

"ಕೇಳಸ್ತೈತಿ. ಎಷ್ಟು ದಿನ? ಮೊದಲ ಒಂದು ಸೆಲ್ ಹಾಕಿದ್ರ ಭಾಳ ದಿನ ಬರ್ತಿತ್ತು. ಈಗ ಹಾಕಿದ್ದು ಹಾಕಿದಂಗ ತಿಂದು ಮುಗಸ್ತೈತಿ. ಕಿವಿ ಕಿವುಡಾದಂಗ ಮಷೀನಿಗೆ ಹೊಟ್ಟಿ ದೊಡ್ಡದಾಗಾಕತ್ತೈತಿ, ಮಗಳ. ನಾಳೆ ಯಾವ ಸೆಲ್ ಹಾಕಿದ್ರೂ ಕೇಳಂಗಿಲ್ಲ."

ನಾನು ಸೆಲ್ಲಿನ ಪೊಟ್ಟಣ ತೆಗೆದು ನೋಡಿದೆ. ಕಿವಿಯ ಮಷೀನಿನ ಚಿತ್ರ ಹಾಕಿ, 'ನೂರು ಗಂಟೆ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳುತ್ತೀರಿ ಅಂತ ಅಪ್ಪನನ್ನು ಕೇಳಿ ಬಾಯಲ್ಲೇ ಗುಣಿಸಿದೆ. ನೂರು ಎಲ್ಲಿ, ಅರ್ಧವೂ ದಾಟುತ್ತಿರಲಿಲ್ಲ. ತಗೋ, ನನ್ನ ಮೈ ಉರಿದುಹೋಯಿತು. ಯಾರೋ ಹಲ್ಕಾ ಮಾಲು ತುಂಬಿ ಕಳಿಸಿದ್ದಕ್ಕೆ ನಮ್ಮಪ್ಪ ಸಭೆಯಲ್ಲಿ ನಗೆಪಾಟಲಾಗಬೇಕೇ!

"ಕಿವಿಗೇನೂ ಆಗಿಲ್ರಿ, ಕಂಪನಿಯವ್ರು ಸುಳ್ಳ ಬರದಾರ" ಅಂದೆ.

ಅಪ್ಪ ನಕ್ಕರು. "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ. ಕಿವಿ ಹೋದವ ಸೆಲ್ಲಿಗೆ ಬೈದ್ರ ಜನ ಏನಂತಾರ?"

"ನಾ ಬಾಯಿಲೆ ಬೈಯಂಗಿಲ್ಲ. ಪರೀಕ್ಷಾ ಮಾಡಿ ತೋರಸ್ತೀನಿ. ಅದ ನನ್ನ ಕೆಲಸ."

ಅಪ್ಪ ಕಚೇರಿಯ ದನಿಯಲ್ಲಿ ಹೇಳಿದರು. "ಹಂಗಾರ ಕರಾರು ಮಾಡ್ಕೊಳ್ಳೋಣ. ನಿನ್ನ ಪರೀಕ್ಷಾ ಸೆಲ್ ಖೊಟ್ಟಿ ಅಂದ್ರ, ಚಲೋ ಸೆಲ್ ಹುಡುಕಿ ಪುರಾಣಕ್ಕ ಕುಂದರ್ತೀನಿ. ಸೆಲ್ ಬರೋಬ್ಬರಿ ಐತಿ ಅಂದ್ರ, ಕಿವಿ ಹೋತು ಅಂತ ಅರ್ಥ. ಆಮ್ಯಾಲ ಈ ಮಾತು ಎತ್ತಬಾರದು. ಒಪ್ಪಿಗಿ?"

ಒಪ್ಪಿಗೆ ಅಂದೆ. ಒಪ್ಪದೆ ಏನು ಮಾಡಲಿ? ಕಂಪನಿ ಸುಳ್ಳು ಹೇಳಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಇಲ್ಲಿ ಪರೀಕ್ಷೆಯ ಬಗ್ಗೆ ನಾಲ್ಕು ಮಾತು ಹೇಳಬೇಕು, ಹೆದರಬೇಡಿ. ನಮ್ಮ ಶಾಸ್ತ್ರದಲ್ಲಿ ಮೊದಲು ಕಂಪನಿಯ ಮಾತು ನಿಜ ಅಂತಲೇ ಇಟ್ಟುಕೊಳ್ಳಬೇಕು. ಪುಸ್ತಕದಲ್ಲಿ ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಬಾಯಿ ತುಂಬುವ ಹೆಸರಿದೆ. ಕೋರ್ಟಿನಲ್ಲಿ ಆರೋಪಿಯನ್ನು ಮೊದಲು ನಿರಪರಾಧಿ ಅಂತ ತಿಳಿಯುವುದಿಲ್ಲವೇ, ಹಾಗೆ. ಆಮೇಲೆ ಕೆಲವು ಸೆಲ್ಲುಗಳನ್ನು ಉರಿಸಿ ನೋಡುವುದು. ಎಲ್ಲವೂ ಸರಿಯಾಗಿ ನೂರು ಗಂಟೆಗೇ ಸಾಯುವುದಿಲ್ಲ. ಒಂದು ಹೆಚ್ಚು, ಒಂದು ಕಡಿಮೆ ಇದ್ದದ್ದೇ. ಆದರೆ ಸರಾಸರಿ ತೀರಾ ಕೆಳಗೆ ಬಿದ್ದು, 'ಇದು ಬರೀ ಅದೃಷ್ಟದ ಆಟ ಅಲ್ಲ' ಅನ್ನುವಷ್ಟು ಕೊರತೆ ಕಂಡರೆ ಮಾತ್ರ ಕಂಪನಿಯ ಮಾತನ್ನು ತಳ್ಳಿಹಾಕಬಹುದು. ಎಷ್ಟು ಕೊರತೆಯಾದರೆ ತಳ್ಳಿಹಾಕುವುದು ಎಂಬ ಗೆರೆಯನ್ನು ಪರೀಕ್ಷೆಗೆ ಮುಂಚೆಯೇ ಎಳೆದಿಡಬೇಕು. ನಿರಪರಾಧಿಗೆ ಶಿಕ್ಷೆಯಾಗುವ ಸಂಭವ ನೂರಕ್ಕೆ ಐದನ್ನು ಮೀರಬಾರದು ಅಂತ ನಾನು ರೂಢಿಯ ಗೆರೆಯನ್ನೇ ಎಳೆದೆ.

ಅಪ್ಪನಿಗೆ ಇದನ್ನೆಲ್ಲ ಗಟ್ಟಿ ದನಿಯಲ್ಲಿ ವಿವರಿಸಿದಾಗ ಅವರು ಕೇಳಿದ್ದು ಒಂದೇ. "ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದು ಅಗಳು ಸಾಕಲ್ಲ?"

"ಅನ್ನ ಎಲ್ಲಾ ಒಂದ ಗಡಿಗ್ಯಾಗ ಬೆಂದಿರತೈತಿ ಅಪ್ಪಾ. ಈ ಸೆಲ್ ಎಷ್ಟು ಗಡಿಗ್ಯಾಗ ಬೆಂದಾವೋ ಯಾರಿಗ್ಗೊತ್ತು?"

"ಹೌದಲ್ಲ" ಅಂದರು ಅಪ್ಪ. ನನಗೆ ಚಿನ್ನದ ಪದಕ ಕೊಟ್ಟಷ್ಟು ಖುಷಿಯಾಯಿತು.

ಹಾಗಾಗಿ ಒಂದೇ ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಹಾಗೆ ಕೊಂಡರೆ ಆ ಅಂಗಡಿಯ ಹಳೇ ಮಾಲಿನ ಪರೀಕ್ಷೆಯಾದೀತೇ ಹೊರತು ಕಂಪನಿಯದ್ದಲ್ಲ. ಕೋಠಿಯ ಔಷಧದ ಅಂಗಡಿಗಳ ಸಾಲಿನಲ್ಲಿ ಒಂದೆರಡು, ಸುಲ್ತಾನ್ ಬಜಾರಿನಲ್ಲಿ ಒಂದೆರಡು, ನಮ್ಮ ಕಾಲೊನಿಯ ಅಂಗಡಿಯಲ್ಲೊಂದು, ಹೀಗೆ ಊರು ಸುತ್ತಿದೆ. ಪ್ರತಿ ಕಡೆಯೂ ಡಬ್ಬವನ್ನೇ ಈಚೆ ತರಿಸಿ, ಕಣ್ಣು ಮುಚ್ಚಿ ಒಳಗಿಂದ ಆರಿಸುತ್ತಿದ್ದೆ. ಕೋಠಿಯ ಒಬ್ಬ ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಕ್ಯಾ ಬೆಹೆನ್‌ಜೀ, ಸೆಲ್ ಲೇ ರೈಂ ಯಾ ಲಾಟರಿ ನಿಕಾಲ್ ರೈಂ?" ಎಂದ. ಸೆಲ್ ಕೊಳ್ಳುತ್ತಿದ್ದೀರೋ, ಲಾಟರಿ ಎತ್ತುತ್ತಿದ್ದೀರೋ ಅಂತ. ಲಾಟರಿಯೇ ಅಂದೆ. ಮೇಲಿನದನ್ನು ತೆಗೆದುಕೊಳ್ಳಿ, ಎಲ್ಲ ಒಂದೇ ಅಂದ. 'ನಕ್ಕೋ', ಬೇಡ ಅಂದು ಮತ್ತೆ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಕೆಮ್ಮಿನ ಔಷಧಕ್ಕೆ ನಿಂತಿದ್ದ ಹೆಂಗಸು ಒಂದು ಹೆಜ್ಜೆ ದೂರ ಸರಿದು ನಿಂತಳು.

ನಮ್ಮ ವಿಭಾಗದ ಮುಖ್ಯಸ್ಥರು ತೆಲುಗಿನವರು, ಹಣೆಗೆ ಸದಾ ಗಂಧದ ಬೊಟ್ಟು, ಮಾತು ಕಡಿಮೆ. ಹಿಂದಿನ ವಾರವಷ್ಟೇ ನಾನು ಒಬ್ಬ ತಯಾರಕನ ಇಡೀ ಲೋಡನ್ನು ವಾಪಸು ಕಳಿಸಿ ಜಗಳ ತಂದಿದ್ದೆ. ಆದರೂ ಅಪ್ಪನ ವಿಷಯ ಹೇಳಿದಾಗ ಬೆಂಚಿನ ಒಂದು ಮೂಲೆ ಬಿಟ್ಟುಕೊಟ್ಟರು. ಕಿವಿಯ ಮಷೀನು ಎಳೆಯುವಷ್ಟೇ ಕರೆಂಟು ಎಳೆಯುವ ಹಾಗೆ ಪ್ರತಿ ಸೆಲ್ಲಿಗೂ ಒಂದೊಂದು ತಂತಿಸುತ್ತು ಕಟ್ಟಿ, ಗಡಿಯಾರ ಜೋಡಿಸಿದೆ. ಅಪ್ಪ ಹಾಕಿಕೊಳ್ಳುವ ಹಾಗೆ ದಿನಕ್ಕಿಷ್ಟು ಹೊತ್ತು ನಡೆಸಿ, ಉಳಿದ ಹೊತ್ತು ನಿಲ್ಲಿಸಿದೆ. ದಿನಾ ಬೆಳಿಗ್ಗೆ ಬಂದವಳೇ ಅವುಗಳನ್ನು ನೋಡುವುದು. ಇನ್ನೂ ಸತ್ತಿಲ್ಲವೇ ಪೀಡೆಗಳೇ, ಸಾಯಿರಿ ಅಂತ ಬೈಯುವುದು. ಅಪ್ಪನ ಲೆಕ್ಕದಲ್ಲಿ ಇಷ್ಟೊತ್ತಿಗೆ ಸಾಯಬೇಕಾಗಿದ್ದ ಗಡುವು ದಾಟಿತು. ಒಂದೂ ಸಾಯಲಿಲ್ಲ.

ಕೊನೆಗೂ ಒಂದೊಂದಾಗಿ ಸತ್ತವು. ಕೆಲವು ನೂರರ ಈಚೆ, ಕೆಲವು ನೂರರ ಆಚೆ. ಸರಾಸರಿ ತೆಗೆದರೆ ನೂರಕ್ಕಿಂತ ಒಂದಿಷ್ಟೇ ಕಡಿಮೆ. ಲೆಕ್ಕ ಮಾಡಿ ನೋಡಿದೆ. ಅಷ್ಟು ಕೊರತೆ ಬರೀ ಅದೃಷ್ಟದಿಂದಲೂ ಬರಬಹುದಾದದ್ದು, ನಾನೇ ಎಳೆದ ಗೆರೆಯ ಹತ್ತಿರವೂ ಇರಲಿಲ್ಲ. ಇನ್ನೊಮ್ಮೆ ಮಾಡಿದೆ. ಬೇರೆ ಕಾಗದದ ಮೇಲೆ, ಬೇರೆ ಪೆನ್ನಿನಲ್ಲಿ ಮಾಡಿದೆ. ಉತ್ತರ ಬದಲಾಗಲಿಲ್ಲ. ಕಂಪನಿಯ ಮಾತನ್ನು ತಳ್ಳಿಹಾಕಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಆಗ ನನ್ನ ತಲೆಗೆ ಒಂದು ಕೆಟ್ಟ ಯೋಚನೆ ಬಂತು. ಗೆರೆಯನ್ನು ನೂರಕ್ಕೆ ಐದರ ಬದಲು ಇಪ್ಪತ್ತಕ್ಕೆ ಎಳೆದರೆ? ಕಂಪನಿ ಸಿಕ್ಕಿಬೀಳುತ್ತಿತ್ತು. ಅಪ್ಪನಿಗೆ ಏನು ಗೊತ್ತಾಗುತ್ತದೆ? ಬೇರೆ ಸೆಲ್ ತಂದುಕೊಟ್ಟು, ಪೀಠದ ಮೇಲೆ ಕೂರಿಸಿದರಾಯಿತು. ಪೆನ್ನು ಹಿಡಿದು ಹಾಗೇ ಕೂತಿದ್ದಾಗ ಮುಖ್ಯಸ್ಥರು ಹಿಂದೆ ಬಂದು ನಿಂತರು. ಕಾಗದ ನೋಡಿದರು, ನನ್ನ ಮುಖ ನೋಡಿದರು.

"ಏಮಮ್ಮಾ, ಕೋಪಂತೋ ಎವರೈನಾ ಲೆಕ್ಕ ಚೇಸ್ತಾರಾ?" ಅಂದರು. ಸಿಟ್ಟಿನಲ್ಲಿ ಯಾರಾದರೂ ಲೆಕ್ಕ ಮಾಡುತ್ತಾರೇನಮ್ಮಾ ಅಂತ.

"ಸರ್, ನಮ್ಮಪ್ಪ ಸುಳ್ಳು ಹೇಳೋ ಮನುಷ್ಯ ಅಲ್ಲ. ಅಲ್ಲಿ ಅರ್ಧಕ್ಕೇ ಸಾಯ್ತಾವೆ, ಇಲ್ಲಿ ಪೂರಾ ಬರ್ತಾವೆ. ಇದು ಹೆಂಗ ಸಾಧ್ಯ?" ಅಂತ ನನಗೆ ಬಂದ ತೆಲುಗಿನಲ್ಲಿ ಕಿರುಚಿಯೇಬಿಟ್ಟೆ.

ಅವರು ಕುರ್ಚಿ ಎಳೆದು ಕೂತರು. ತಮ್ಮ ತೆಲುಗಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು. ನೀನು ಪರೀಕ್ಷಿಸಿದ್ದು ಕಂಪನಿಯ ಮಾತನ್ನು ಮಾತ್ರ. ನಿಮ್ಮ ತಂದೆಯ ಕಿವಿಯ ಬಗ್ಗೆ ಈ ಕಾಗದ ಒಂದಕ್ಷರವನ್ನೂ ಹೇಳುವುದಿಲ್ಲ. ಸೆಲ್ ಸರಿ ಇದ್ದರೆ ಕಿವಿ ಹೋಗಿದೆ ಅಂತ ಕರಾರು ಮಾಡಿಕೊಂಡವರು ಅಪ್ಪ ಮಗಳು. ಶಾಸ್ತ್ರ ಅಲ್ಲ. ಹೋಗಿ ಮನೆಯಲ್ಲಿ ಸೆಲ್ ಹೇಗೆ ಸಾಯುತ್ತದೆ ಅಂತ ನೋಡು.

ಅವರ ಮಾತು ಅರ್ಥವಾಯಿತು, ಆದರೆ ಸಮಾಧಾನ ಆಗಲಿಲ್ಲ. ಅಪ್ಪನಿಗೆ ಹೇಳುವುದು ಹೇಗೆ? ಕಾಲೊನಿಯ ಮನೆಯಲ್ಲಿ ರಾತ್ರಿಯಿಡೀ ಒದ್ದಾಡಿದೆ. ಭಾನುವಾರದವರೆಗೆ ಕಾಯುವ ಶಕ್ತಿ ಇರಲಿಲ್ಲ. ಮರುದಿನ ರಜೆ ಹಾಕಿ ಮೊದಲ ಬಸ್ಸು ಹಿಡಿದು ಹೊರಟೆ. ಸಿಟ್ಟು ಬಂದರೆ ನಾನು ಅಳುವುದಿಲ್ಲ. ಅವತ್ತು ಸಿಟ್ಟು ಇರಲಿಲ್ಲ, ಬಸ್ಸಿನ ಕಿಟಕಿಯ ಪಕ್ಕ ಕೂತು ದಾರಿಯಿಡೀ ಅತ್ತೆ.

ಮನೆ ತಲುಪಿದಾಗ ಅಪ್ಪ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಿದ್ದರು. ನಮ್ಮಲ್ಲಿ ಮಡಿ ಸ್ವಲ್ಪ ಹೆಚ್ಚೇ. ಪೂಜೆಯ ಹೊತ್ತಿಗೆ ಮಡಿಪಂಚೆ ಒಂದೇ, ಮೈಮೇಲೆ ವಿಭೂತಿ, ಅಂಗಿ ಕೂಡದು. ಪೂಜೆ ಮುಗಿದ ಮೇಲೂ ಅದೇ ಪಂಚೆಯಲ್ಲಿ ಪ್ರಸಾದ, ಅದಾದ ಮೇಲೆ ಗ್ರಂಥ ಓದುವುದು. ಪೆನ್ಶನ್ ಆದ ಮೇಲಂತೂ ಅಂಗಿ ತೊಡುವುದು ಮಧ್ಯಾಹ್ನವೇ. ಈ ಮಡಿ ಬಾಲ್ಯದಿಂದ ನೋಡಿದ್ದೇ, ಹೊಸದೇನಲ್ಲ. ಹೊಸದಾಗಿದ್ದದ್ದು ಒಂದು ಸದ್ದು. ಸಣ್ಣಗೆ, ಚೂಪಾಗಿ, ಕುಂಯ್ ಅಂತ ಬಿಡದೆ ಕೂಗುವ ಸದ್ದು.

ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವ ಮಡಿಯಲ್ಲಿ ಒಲೆಯ ಮುಂದಿದ್ದಳು. "ಮುಟ್ಟಬ್ಯಾಡ, ದೂರ ನಿಲ್ಲು. ಇದೇನಿದು, ಹೊತ್ತಲ್ಲದ ಹೊತ್ತಿನ್ಯಾಗ ಬಂದಿ? ಅಳಿಯಂದಿರು ಆರಾಮ ಅದಾರಿಲ್ಲೋ?"

"ಆರಾಮ ಅದಾರ. ಅವ್ವಾ, ಅದೇನು ಸದ್ದು? ಕುಕ್ಕರೇನು?"

"ಅದಾ? ನಿಮ್ಮಪ್ಪನ ಮಷೀನು. ದಿನಾ ಹಂಗ ಅಳತೈತಿ."

"ದಿನಾ?"

"ಹೌದ. ಅವರು ಅಂಗಿ ಕಳದು ಗೂಟಕ್ಕ ಹಾಕಿದ ಕೂಡ್ಲೆ ಸುರು ಮಾಡತೈತಿ. ಮತ್ತ ಅಂಗಿ ತೊಟ್ಟು ಕಿವ್ಯಾಗ ಇಟಗೊಂಡ್ರು ಅಂದ್ರ ಸುಮ್ಮಕಾಗತೈತಿ. ಸಣ್ಣ ಕೂಸಿನಂಗ, ಹೊತ್ತೊಯ್ದ್ರ ಸುಮ್ನಿರತೈತಿ."

ನಾನು ಪಡಸಾಲೆಗೆ ಓಡಿದೆ. ಗೂಟದ ಮೇಲೆ ಅಪ್ಪನ ಅಂಗಿ ತೂಗುತ್ತಿತ್ತು. ಜೇಬಿನಲ್ಲಿ ಡಬ್ಬಿ, ಡಬ್ಬಿಯ ಮೇಲೆಯೇ ಸುತ್ತಿಟ್ಟ ವೈರು, ಕಿವಿಗೆ ಇಡುವ ಗುಂಡಿ, ಸದ್ದು ಹಿಡಿಯುವ ಡಬ್ಬಿಯ ಬಾಯಿಗೇ ತಾಗಿಕೊಂಡಿತ್ತು. ತನ್ನ ಸದ್ದನ್ನೇ ತಾನು ಕೇಳಿಸಿಕೊಂಡು, ಅದನ್ನೇ ಮತ್ತೆ ಹೆಚ್ಚು ಮಾಡಿ ಕೂಗುತ್ತಾ, ಬೆಳಗಿನಿಂದ ಮಧ್ಯಾಹ್ನದವರೆಗೆ ಪ್ರತಿದಿನ ಆ ಮಷೀನು ಗೋಡೆಗೆ ಕಿವಿಗೊಟ್ಟು ಸೆಲ್ ತಿನ್ನುತ್ತಿತ್ತು! ಪೆನ್ಶನ್ ಆಗುವ ಮೊದಲು ಅಪ್ಪನ ಪೂಜೆ ಬೇಗ ಮುಗಿಯುತ್ತಿತ್ತು, ಕಚೇರಿಗೆ ಓಡಬೇಕಿತ್ತು. ಪೆನ್ಶನ್ ಆದ ಮೇಲೆ ಪೂಜೆ ಬೆಳೆದಿತ್ತು. ಪೂಜೆ ಬೆಳೆದ ಹಾಗೆ ಸೆಲ್ಲಿನ ಆಯಸ್ಸು ಇಳಿದಿತ್ತು. ಅಪ್ಪನಿಗೆ ಆ ಕೂಗು ಕೇಳಿಸುವಂತಿಲ್ಲ. ಅವ್ವನಿಗೆ ಕೇಳಿಸುತ್ತದೆ, ಆದರೆ ಮಡಿಯಲ್ಲಿರುವಾಗ ಅಂಗಿ ಮುಟ್ಟುವಂತಿಲ್ಲ. ನಾನೋ, ಬರುವುದೇ ಭಾನುವಾರ ಸಂಜೆ.

"ಅವ್ವಾ! ಇಷ್ಟು ದಿನಾ ಯಾರಿಗೂ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು? ನೀನು ಕಂಪನಿ, ಲೆಕ್ಕಾ ಅಂತ ಅವರ ಜೋಡಿ ಒದರ್ತಿದ್ದಿ. ನನ್ನನ್ಯಾರು ಕೇಳಿದ್ರವಾ? ನಾ ಅದು ಉಸರ ತಗೊಳ್ಳಾಕತ್ತೈತಿ ಅಂತ ತಿಳಿದಿದ್ದೆ."

ಮಾತು ನೆಟ್ಟಗೆ ಎದೆಗೇ ಬಂತು. ಇಡೀ ಊರಿನ ಅಂಗಡಿ ಸುತ್ತಿ, ಕಣ್ಣು ಮುಚ್ಚಿ ಸೆಲ್ ಆರಿಸಿದವಳು ನಾನು. ಬೆಣ್ಣೆ ಕೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ. ಗೂಟದ ಕೆಳಗೆ ನೆಲದ ಮೇಲೆ ಕೂತು ನಗತೊಡಗಿದೆ. ನಗು ನಿಲ್ಲಲೇ ಇಲ್ಲ. ಅವ್ವ ಸೌಟು ಹಿಡಿದುಕೊಂಡೇ ಬಂದು, ಮಗಳಿಗೆ ಏನೋ ಆಗಿದೆ ಅಂತ ದೂರದಿಂದಲೇ ನೋಡುತ್ತಾ ನಿಂತಳು.

ಪೂಜೆ, ಪ್ರಸಾದ ಎಲ್ಲ ಮುಗಿಸಿ ಅಪ್ಪ ಅಂಗಿ ತೊಡುವವರೆಗೂ ಕಾದೆ. ಕಿವಿಗೆ ಗುಂಡಿ ಇಟ್ಟುಕೊಂಡ ಮೇಲೆ ಮೊದಲು ಕಾಗದ ತೋರಿಸಿದೆ. ಕರಾರು ಕರಾರೇ.

"ಸೆಲ್ ಬರೋಬ್ಬರಿ ಅದಾವ್ರಿ ಅಪ್ಪಾ. ಕಂಪನಿ ಸುಳ್ಳ ಹೇಳೈತಿ ಅನ್ನಾಕ ನನ್ನ ಹಂತೇಕ ಏನೂ ಇಲ್ಲ."

ಅಪ್ಪ ತಲೆಯಾಡಿಸಿದರು. ಕಾಗದವನ್ನು ಮಡಿಚಿ ಹಿಂದಕ್ಕೆ ಕೊಟ್ಟರು. "ನನಗ ಗೊತ್ತಿತ್ತು" ಅಂದರು. ಅವರ ಮುಖ ನೋಡಲಾಗಲಿಲ್ಲ. ತಡಮಾಡದೆ ಎಲ್ಲ ಹೇಳಿಬಿಟ್ಟೆ. ಗೂಟ, ಅಂಗಿ, ಕೂಗು, ಮಧ್ಯಾಹ್ನದವರೆಗಿನ ಗಂಟೆಗಳು.

"ನಾ ಕಿವ್ಯಾಗ ಇಟಗೊಂಡಿಲ್ಲ ಅಂದ್ಮ್ಯಾಲ ಅದು ಯಾಕ ಕೇಳತೈತಿ? ಏನ ಕೇಳತೈತಿ?" ಅಂತ ಅಪ್ಪ ನಿಜವಾದ ಆಶ್ಚರ್ಯದಿಂದ ಕೇಳಿದರು. ಕಿವಿಯಲ್ಲಿ ಇಲ್ಲದ ಮಷೀನಿಗೆ ಕೆಲಸವಿಲ್ಲ, ಕೆಲಸವಿಲ್ಲದ್ದಕ್ಕೆ ಖರ್ಚಿಲ್ಲ. ಅದು ಅವರ ತಿಳುವಳಿಕೆ. ಬಿಡಿಸಿ ಹೇಳಿದೆ. ಅಪ್ಪ ಕಿವಿಯ ಗುಂಡಿ ಮುಟ್ಟಿ ನೋಡಿಕೊಂಡು, "ಹಂಗಾರ ನನ್ನ ಕಿವಿ?" ಅಂದರು.

"ಹೆಂಗಿತ್ತೋ ಹಂಗ ಐತ್ರಿ."

"ಕಂಪನಿಗೆ ಬೈದದ್ದು?"

"ಕಂಪನಿಯವ್ರಿಗೆ ಕೇಳಿಲ್ಲ ಬಿಡ್ರಿ."

ಅಪ್ಪ ಜೋರಾಗಿ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಆದರೂ ಅವರು ಪೂರ್ತಿ ನಂಬಲಿಲ್ಲ, ನಾನೂ ನಂಬಿಸಲಿಲ್ಲ. ಒಂದು ಸಲ ಬಾಯಿ ಸುಟ್ಟುಕೊಂಡಿದ್ದೆನಲ್ಲ. ಅವತ್ತಿನಿಂದ ಸ್ನಾನಕ್ಕೆ ಹೋಗುವ ಮುಂಚೆ ಅಪ್ಪನೇ ಸೆಲ್ ತೆಗೆದಿಡುವುದು, ಹೊಸ ಸೆಲ್ಲೊಂದು ಎಷ್ಟು ಬಾಳುತ್ತದೆ ನೋಡುವುದು ಅಂತಾಯಿತು. ಭಾನುವಾರ ಬಂತು, ಸೆಲ್ ಜೀವಂತ. ಮುಂದಿನ ಭಾನುವಾರವೂ ಜೀವಂತ. ಅಪ್ಪ ಬಾಗಿಲಲ್ಲೇ ನಿಂತು "ಇನ್ನೂ ಐತಿ!" ಅಂತ ಗಲ್ಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಅಕ್ಕಪಕ್ಕದವರು ಯಾರಿಗೋ ಸೀರಿಯಸ್ಸು ಅಂದುಕೊಂಡಿದ್ದರಂತೆ.

ಶ್ರಾವಣ ಬಂತು. ಅಪ್ಪ ಪೀಠದ ಮೇಲೆ ಕೂತರು. ಅವ್ವ ಎಂದಿನಂತೆ ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತಳು, ಪಕ್ಕದಲ್ಲಿ ನಾನು. ಅವತ್ತಿನ ಕಥೆ ಒಬ್ಬ ಭಕ್ತನದು. ಶಿವನನ್ನು ಕಾಣಲೇಬೇಕೆಂದು ಮನೆ ಬಿಟ್ಟು ಬೆಟ್ಟಗಾಡು ಅಲೆಯುತ್ತಾನೆ. ಅವನು ಅಲೆಯುತ್ತಿರುವಾಗ ಶಿವ ಮುದುಕ ಜಂಗಮನಾಗಿ ಅವನ ಮನೆಗೇ ಬಂದು, ಅವನ ಹೆಂಡತಿ ಬಡಿಸಿದ ಅಂಬಲಿ ಕುಡಿದು ಹೋಗಿಬಿಡುತ್ತಾನೆ. ತಿರುಗಿ ಬಂದ ಭಕ್ತ ಹೊಸ್ತಿಲ ಮೇಲೆ ಬಿದ್ದು ಅಳುತ್ತಾನೆ. ಬ್ಯಾಂಕಿನ ಗುಮಾಸ್ತರು ಹಾಡಿದರು, ಅಪ್ಪ ಒಂದು ಪದ್ಯವನ್ನೂ ತಪ್ಪಿಸದೆ ಅರ್ಥ ಹೇಳಿದರು. ಭಕ್ತನ ದುಃಖ ಹೇಳುವಾಗ ಮುಂದಿನ ಸಾಲಿನವರು ಕಣ್ಣು ಒರೆಸಿಕೊಂಡರು. ಒಂದು ವರ್ಷದ ನಗೆಪಾಟಲನ್ನು ಅಪ್ಪ ಆ ಒಂದು ಸಂಜೆಯಲ್ಲೇ ತೊಳೆದುಹಾಕಿದ್ದರು.

ಮಂಗಲಕ್ಕೆ ಮುಂಚೆ ಅಪ್ಪ ರೂಢಿಯಂತೆ "ಯಾರಿಗರ ಏನರ ಸಂಶೇ ಇದ್ರ ಕೇಳ್ರಿ" ಅಂದರು. ಯಾರೂ ಕೇಳುವುದಿಲ್ಲ, ಎಲ್ಲರಿಗೂ ಹಸಿವಾಗಿರುತ್ತದೆ. ಆಗ ನನ್ನ ಪಕ್ಕದಿಂದ ಅವ್ವ ಎದ್ದು ನಿಂತಳು.

"ನಂದೊಂದು ಕೇಳೋದೈತ್ರಿ."

ಸಭೆ ತಿರುಗಿ ನೋಡಿತು. ಅಪ್ಪ ಜೇಬಿನಿಂದ ಡಬ್ಬಿಯನ್ನೇ ಹೊರತೆಗೆದು ಹೆಂಗಸರ ಕಡೆಗೆ ಹಿಡಿದರು. "ಹೂಂ, ಕೇಳು."

"ದೇವರು ಬಾಗಿಲಿಗೆ ಬಂದಾಗ ಮನಿಯಾಗ ಇದ್ದಾಕಿ ಅಕಿ. ಅಂಬಲಿ ಕಾಸಿ ಕೊಟ್ಟಾಕಿ ಅಕಿ. ಅಂವಾ ಅತ್ತದ್ದು ಇಷ್ಟೆಲ್ಲಾ ಹೇಳಿದ್ರಿ. ಹಂಗಾರ ಆ ದರ್ಶನ ಆದದ್ದು ಯಾರಿಗ್ರಿ?"

ಅಪ್ಪನ ಮುಖದಲ್ಲಿ ಮೊದಲು ನಗು ಬಂತು. "ಈ ಪ್ರಶ್ನಿ ಮನಿಯಾಗ ಯಾಕ ಕೇಳಲಿಲ್ಲ ನೀ?"

"ಕೇಳೀನ್ರಿ. ಪ್ರತಿ ಶ್ರಾವಣದಾಗೂ ಕೇಳೀನಿ. ಮುಂಜಾನಿ ನಾ ಅಡಗಿ ಮಾಡಕೋತ ಕೇಳ್ತಿದ್ದೆ, ನಿಮಗ ಕೇಳಸ್ತಿದ್ದಿಲ್ಲ."

ಒಂದಿಬ್ಬರು ನಕ್ಕರು. ಅಪ್ಪ ನಗಲಿಲ್ಲ. ಡಬ್ಬಿ ಹಿಡಿದ ಕೈ ಹಾಗೇ ಚಾಚಿಕೊಂಡಿತ್ತು. ಎದುರಿಗಿದ್ದ ಪುಸ್ತಕವನ್ನು ಇನ್ನೊಂದು ಕೈಯಿಂದ ನಿಧಾನವಾಗಿ ಮುಚ್ಚಿದರು.

"ಅಕಿಗೇ" ಅಂದರು. "ದರ್ಶನ ಆದದ್ದು ಅಕಿಗೇ. ಅಂವಗ ಅದು ತಿಳೀಲಿಲ್ಲ, ನನಗೂ ತಿಳೀಲಿಲ್ಲ. ನೀ ಕುಂಡ್ರು, ಅಕಿದಷ್ಟ ಇನ್ನೊಮ್ಮೆ ಮೊದಲಿಂದ ಹೇಳ್ತೀನಿ."

ಅವ್ವ ಕೂತಳು. ಅಪ್ಪ ಮೊದಲಿನಿಂದ ಹೇಳಿದರು. ಹಸಿದ ಜನ ಒಬ್ಬರೂ ಏಳಲಿಲ್ಲ.